ಆರಕ್ಕೆ ಆರೂ ಪಾಸು

"ಸಾಹೇಬ್ರು ಬಂದ್ರು, ಬೇಗ ಹಾಕಮ್ಮಾ!" ಮ್ಯಾನೇಜರ್ ಪಿಸುಗುಟ್ಟಿದ. ಆಯಾ ಸ್ಟೂಲು ಹತ್ತಿ ಗೋಡೆಯ ಯಂತ್ರಕ್ಕೆ ಬ್ಯಾಟರಿ ತುರುಕಿ, ಸ್ಟೂಲಿನ ಸಮೇತ ಮುಂದಿನ ಕೋಣೆಗೆ ಓಡಿದಳು.

ವೃದ್ಧಾಶ್ರಮದ ಆರು ಕೋಣೆಗಳಿಗೆ ಆರು ಯಂತ್ರ. ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಸೇರಿಕೊಂಡರೆ ಅವು ಕೂಗಿ ಎಚ್ಚರಿಸಬೇಕು. ಚಳಿ ಶುರುವಾಗಿ ಕೆಳಗೆ ಇದ್ದಿಲಿನ ಬಾಯ್ಲರ್ ಹಗಲಿರುಳು ಉರಿಯತೊಡಗಿದಾಗಿನಿಂದ ಅವು ಹೊತ್ತುಗೊತ್ತಿಲ್ಲದೆ ಕಿರುಚತೊಡಗಿದ್ದವು. ಅಗ್ಗದ ಮಾಲು ಎಂದು ತೀರ್ಮಾನಿಸಿದ ಮ್ಯಾನೇಜರ್ ಮಹಾಶಯ ಬ್ಯಾಟರಿಗಳನ್ನು ಕಿತ್ತು ಡ್ರಾಯರಿಗೆ ಹಾಕಿದ್ದ. ಇಂದು ತಪಾಸಣೆ. ಆರೂ ಕೂಗಿದರೆ ಲೈಸೆನ್ಸ್ ಉಳಿಯುತ್ತದೆ. ಒಂದು ಸುಮ್ಮನಿದ್ದರೂ ಬಾಗಿಲಿಗೆ ಬೀಗ.

ಇನ್‌ಸ್ಪೆಕ್ಟರ್ ಗತ್ತಿನ ಮನುಷ್ಯ. ಪರೀಕ್ಷೆಯ ಗ್ಯಾಸಿನ ಡಬ್ಬಿಯನ್ನು ಯಂತ್ರದ ಮೂತಿಗೆ ಹಿಡಿದು ಒತ್ತಿದ.

"ಎರಡು ನಿಮಿಷ ಕಾಯ್ಬೇಕು."

ಮ್ಯಾನೇಜರ್ ಉಸಿರು ಬಿಗಿಹಿಡಿದ. ಎರಡು ನಿಮಿಷ ತುಂಬುವ ಮೊದಲೇ ಯಂತ್ರ ಕಿವಿ ಗಡಚಿಕ್ಕುವಂತೆ ಕೂಗಿತು.

"ಭೇಷ್! ಇಂಥ ಚುರುಕು ಮೆಷಿನ್ ನಾನೆಲ್ಲೂ ನೋಡಿಲ್ಲ ಕಣ್ರೀ. ಸಾಕು, ಅದರ ಬಾಯಿ ಮುಚ್ಚಿಸಿ."

"ಹಿರಿಯರ ಜೀವದ ವಿಷಯದಲ್ಲಿ ನಮ್ಮಲ್ಲಿ ರಾಜಿಯೇ ಇಲ್ಲ ಸಾರ್," ಎನ್ನುತ್ತಾ ಮ್ಯಾನೇಜರ್ ಬ್ಯಾಟರಿ ಕಿತ್ತು ಜೇಬಿಗಿಳಿಸಿದ.

ಎರಡು, ಮೂರು, ನಾಲ್ಕು. ಒಂದಕ್ಕಿಂತ ಒಂದು ಜೋರು. ಮ್ಯಾನೇಜರ್‌ನ ಎದೆ ಉಬ್ಬುತ್ತಾ ಹೋಯಿತು.

ಐದನೆಯ ಕೋಣೆಯಲ್ಲಿ ತಕರಾರಜ್ಜಿ ಕಾದಿದ್ದಳು.

"ಟೀ ತಣ್ಣಗಿತ್ತು. ದಿಂಬು ಕಲ್ಲಿನ ಹಾಗಿದೆ. ತಲೆ ಬೇರೆ ಸಿಡೀತಿದೆ. ಆ ಕಿಟಕಿನಾದ್ರೂ ತೆಗೀರಪ್ಪಾ."

"ಚಳಿ ಅಜ್ಜಿ, ನೆಗಡಿಯಾಗುತ್ತೆ." ಮ್ಯಾನೇಜರ್ ಚಿಲಕವನ್ನು ಇನ್ನಷ್ಟು ಬಿಗಿ ಮಾಡಿ ಇನ್‌ಸ್ಪೆಕ್ಟರ್‌ನತ್ತ ಕಣ್ಣು ಮಿಟುಕಿಸಿದ. "ದೂರು ಹೇಳದಿದ್ರೆ ಇವರಿಗೆ ತಿಂದದ್ದು ಅರಗಲ್ಲ ಸಾರ್."

ಆರನೆಯದರಲ್ಲಿ ಇಬ್ಬರು ಅಜ್ಜಂದಿರು ಮಲಗಿದ್ದರು. ಯಂತ್ರ ಅಷ್ಟು ಅರಚಿದರೂ ಅವರು ಮಗ್ಗುಲು ಬದಲಿಸಲಿಲ್ಲ.

"ನೆಮ್ಮದಿಯ ನಿದ್ದೆ ಅಂದ್ರೆ ಇದು ಸಾರ್. ಸ್ವಂತ ಮನೆಯಲ್ಲೂ ಸಿಗಲ್ಲ."

ಇನ್‌ಸ್ಪೆಕ್ಟರ್ ಮನಸ್ಸು ತುಂಬಿ ತಲೆದೂಗಿದ. ಕೆಳಗೆ ಆಫೀಸಿನಲ್ಲಿ ಕುಳಿತು, ಆಕಳಿಸುತ್ತಲೇ "ಅತ್ಯುತ್ತಮ" ಎಂದು ಬರೆದು ಸಹಿ ಜಡಿದ. ಮ್ಯಾನೇಜರ್ ಆರೂ ಬ್ಯಾಟರಿಗಳನ್ನು ಡ್ರಾಯರಿಗೆ ಸುರಿದು ಬೀಗ ಹಾಕಿದ. ಅಷ್ಟರಲ್ಲಿ ಇನ್‌ಸ್ಪೆಕ್ಟರ್‌ನ ಫೋನ್ ರಿಂಗಾಯಿತು. ಅವನ ಕಚೇರಿಯ ಗುಮಾಸ್ತ.

"ಸಾರ್, ಬೆಳಿಗ್ಗೆಯಿಂದ ಏನಿಟ್ಕೊಂಡು ಟೆಸ್ಟ್ ಮಾಡ್ತಿದ್ದೀರಿ? ಗ್ಯಾಸ್ ತುಂಬಿರೋ ಡಬ್ಬಿ ಇಲ್ಲೇ ನನ್ನ ಮೇಜಿನ ಮೇಲಿದೆ, ನೀವು ತಗೊಂಡು ಹೋಗಿರೋದು ಖಾಲಿದು."