ಗೋಡೆ ಎದುರಿನ ಕಿಟಕಿ

ಗೋಡೆಗೆ ಮತ್ತೆ ಯಾರೋ ಸುಣ್ಣ ಬಳಿದಿದ್ದರು. ತಿರುಮಕೂಡಲು ನರಸೀಪುರದ ಹಾಸ್ಟೆಲ್ ಕಾಂಪೌಂಡಿನ ಮೇಲೆ ನಂಜುಂಡೇಶ ವಾರವಿಡೀ ಕೂತು ಬರೆದಿದ್ದ ಆನೆಯಲ್ಲಿ ಕಿವಿಗಳಷ್ಟೇ ಉಳಿದಿದ್ದವು. ಬಳಿದವರ ಕೈ ಅಲ್ಲಿಗೆ ನಿಲುಕಿರಲಿಲ್ಲ. ಹಿಂದಿನ ಸಲ ನವಿಲಿಗೂ ಇದೇ ಗತಿಯಾಗಿತ್ತು. ಜುಟ್ಟು ಮಾತ್ರ ಬದುಕಿತ್ತು.

ವಾರ್ಡನ್ ಮಹದೇವಯ್ಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ವಿಚಾರಿಸಿ ಸೋತಿದ್ದರು. ಈಗ ಅನುಮಾನ ಪೇಂಟರ್ ಮೇಲೇ ತಿರುಗಿತ್ತು.

“ಮತ್ತೆ ಕೆಲ್ಸ ಸಿಗ್ಲಿ ಅಂತ ನೀನೇ ಬಳಿದ್ಯೇನಪ್ಪಾ? ಇನ್ನೊಂದ್ಸಲ ಇಂಗಾದ್ರೆ ಗೋಡೆ ಸಿಮೆಂಟ್ ಜಾಹೀರಾತಿಗೆ ಓಯ್ತದೆ.”

ನಂಜುಂಡೇಶ ಆರಡಿ ಆಳು. ತಾನೇ ಬಳಿದಿದ್ದರೆ ಕಿವಿ ಬಿಡುತ್ತಿದ್ದನೇ? ನಂಜನಗೂಡಿನಲ್ಲಿ ಅವನಿಗಿದ್ದದ್ದು ನಂಬರ್ ಪ್ಲೇಟು, ಅಂಗಡಿ ಬೋರ್ಡುಗಳ ಕೆಲಸ. ಅದನ್ನೂ ಸ್ಟಿಕ್ಕರ್ ಅಂಗಡಿಯವರು ಕಿತ್ತುಕೊಂಡಿದ್ದರು. ಕುಂಚ ಹಿಡಿದು ಚಿತ್ರ ಬರೆಯಲು ಉಳಿದದ್ದು ಈ ಗೋಡೆಯೊಂದೇ.

ಸಮಾಧಾನವೆಂದರೆ ಅಲಮೇಲು ಮೇಡಂ ಕಾಗದ. ಗೋಡೆಯ ಎದುರು ಮನೆಯ ನಿವೃತ್ತ ಟೀಚರು. ಮೊದಲ ಚಿತ್ರ ಮೆಚ್ಚಿ ಅವನ ಅಂಗಡಿಗೆ ಬರೆದಿದ್ದರು. ಅವನು ಉತ್ತರಿಸಿದ. ಹಾಗೇ ಸ್ನೇಹ ಬೆಳೆಯಿತು. ಮುಖ ಮಾತ್ರ ನೋಡಿರಲಿಲ್ಲ. ಕೆಲಸಕ್ಕೆ ತೊಂದರೆಯಾಗಬಾರದೆಂದು ಅವರು ಕಿಟಕಿಯ ಪರದೆಯಾಚೆಗೇ ಇರುತ್ತಿದ್ದರು.

“ಆನೆ ಹೋಯಿತೆಂದು ಬೇಸರಿಸಬೇಡಿ. ನೀವು ಬರೆಯುವುದನ್ನು ನೋಡುವುದೇ ನನಗೆ ಹಬ್ಬ. ಮುಗಿಸಿ ಹೋದ ಮೇಲೆ ಬೀದಿ ಬಣಗುಟ್ಟುತ್ತದೆ. ಈ ಸಲ ಹುಲಿಯಾದರೆ ಹೇಗೆ?”

ಅಂಚಿನಲ್ಲಿ ಹಿಂದಿನ ಸಲದಂತೆ ಸುಣ್ಣದ ಹೆಬ್ಬೆರಳ ಗುರುತು. ನಂಜುಂಡೇಶನಿಗೆ ನಗು ಬಂತು. ಅವನ ಅಜ್ಜಿಯೂ ಎಲೆಗೆ ಸುಣ್ಣ ಹಚ್ಚಿದ ಕೈಯನ್ನು ಸಿಕ್ಕಿದ್ದಕ್ಕೆಲ್ಲ ಒರೆಸುತ್ತಿದ್ದಳು.

ಹುಲಿಗೆ ಮೀಸೆ ಬರೆದು ಮುಗಿಸಿದ ದಿನ ಅವನು ಗಟ್ಟಿ ಮನಸ್ಸು ಮಾಡಿದ. ಇದೂ ಅಳಿದರೆ ಮತ್ತೆ ಈ ಬೀದಿಗೆ ಬರುವುದಿಲ್ಲ; ಒಮ್ಮೆಯಾದರೂ ನೋಡಿಬಿಡೋಣ. ನಂಜನಗೂಡಿನಿಂದ ತಂದಿದ್ದ ಚಿಗುರೆಲೆ ಕಟ್ಟು, ಅಡಿಕೆ ಹಿಡಿದು ಎದುರು ಮನೆಯ ಬಾಗಿಲು ತಟ್ಟಿದ.

ತೆರೆದವರು ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಅವನನ್ನು ಕಂಡು ಮುಖ ಅರಳಿತು, ಕಾಫಿ ಬಂತು, ಹುಲಿಯ ಕಣ್ಣಿನ ಬಗ್ಗೆ ಬಹಳ ಹೊತ್ತು ಮಾತಾಯಿತು. ಎಲೆಕಟ್ಟನ್ನು ಮಾತ್ರ ಅವರು ಮೆಲ್ಲನೆ ಹಿಂದಕ್ಕೆ ಸರಿಸಿದರು.

“ನನಗೆ ಎಲೆ ಅಡಿಕೆ ಅಭ್ಯಾಸವೇ ಇಲ್ಲಪ್ಪ.”

ನಂಜುಂಡೇಶ ಕಿಟಕಿಯಾಚೆ ತನ್ನ ಹುಲಿಯನ್ನೊಮ್ಮೆ ನೋಡಿದ. ಉಳಿದ ಕಾಫಿ ಕುಡಿದು ಲೋಟ ಕೆಳಗಿಟ್ಟ.

“ಈ ಸಲ ಸುಣ್ಣ ಬ್ಯಾಡಿ ಮೇಡಂ. ಒಂದು ಕಾಗ್ದ ಬರೀರಿ ಸಾಕು, ಬತ್ತೀನಿ.”