ಇಲಿಗಳಿಗೆಂದು ಕಟ್ಟಿದ ಉಂಡೆ

ಒಂದಾನೊಂದು ಪ್ರಯೋಗಾಲಯದಲ್ಲಿ ಅರಸುಮಕ್ಕಳ ಹಾಗೆ ತಿಂದು ಕೊಬ್ಬಿದ ಇಲಿಗಳಿದ್ದವು. ಬೊಜ್ಜು ಕರಗಿಸಿ ಗುಂಡಿಗೆ ಕಾಯುವ, ಬಡವರ ಕೈಗೆಟುಕುವ ಮದ್ದು ಕಂಡುಹಿಡಿಯುತ್ತೇನೆಂದು ಅಲ್ಲಿನ ಹುಡುಗಿ ಎದೆನೋವಿನ ಅಜ್ಜಿಗೆ ಮಾತು ಕೊಟ್ಟಿದ್ದಳು. ಕಡಲೆಬೀಜ, ಬೆಲ್ಲ, ತುಪ್ಪ ಸೇರಿಸಿ ಘಮಘಮ ಉಂಡೆ ಕಟ್ಟಿ, ಅದರೊಳಗೆ ಮದ್ದು ಬೆರೆಸಿದಳು.

"ತೂಕ ನೋಡೋಳು ನೀನು, ತಿನ್ನಿಸೋನು ನಾನು. ನಿಯಮ ಅಂದ್ರೆ ನಿಯಮ," ಎಂದು ಪ್ರೊಫೆಸರರು ಡಬ್ಬಿ ಇಸಿದುಕೊಂಡರು. ಹೆಂಡತಿ ವರ್ಷಗಟ್ಟಲೆ ಪಥ್ಯ ಮಾಡಿಸಿದರೂ ಅವರ ಗುಡಾಣ ಹೊಟ್ಟೆ ಕರಗಿರಲಿಲ್ಲ.

ಡಬ್ಬಿ ದಿನವೂ ಖಾಲಿಯಾಗುತ್ತಿತ್ತು. ತಿಂಗಳುಗಳು ಕಳೆದರೂ ಇಲಿಗಳು ಮಾತ್ರ ಗುಲಗಂಜಿಯಷ್ಟೂ ಇಳಿಯಲಿಲ್ಲ.

"ಅಜ್ಜಿಕಥೆ ಕೇಳಿ ಬೆಳೆದೋರು ಸಂಶೋಧನೆಗೆ ಬಂದ್ರೆ ಹೀಗೇ ಕಣಮ್ಮಾ!" ಸೊಂಟ ಹಿಡಿದುಕೊಂಡೇ ಒಳಬಂದ ಪ್ರೊಫೆಸರರು ಗುಡುಗಿದರು. "ನಿನ್ನ ಮದ್ದು ದಂಡ. ನಾಳೆಯಿಂದ ಎಲ್ಲಾ ಬಂದ್!"

"ಇನ್ನೊಂದು ವಾರ ಕೊಡಿ ಸಾರ್, ದಮ್ಮಯ್ಯ..."

"ಕೈ ಮುಗಿದೆ ತಾಯಿ, ಸಾಕು!" ಎಂದು ಅವರು ಎರಡೂ ಕೈ ಜೋಡಿಸಿದರು. ಮೀಸೆಯಲ್ಲಿನ್ನೂ ಕಡಲೆಬೀಜದ ಚೂರು ಅಂಟಿತ್ತು. ಸೊಂಟದಿಂದ ಕೈ ತೆಗೆದಿದ್ದೇ ತಡ, ಪ್ಯಾಂಟು ಸರ್ರನೆ ಜಾರಿ ಪಾದಕ್ಕೆ ಬಿತ್ತು.

ಹುಡುಗಿ ನಿಂತಲ್ಲಿಂದಲೇ ಊರಿಗೆ ಫೋನು ಮಾಡಿದಳು. "ಅಜ್ಜೀ, ಮದ್ದು ಸಿಕ್ತು!"