ಮೂರನೇ ಮೇಜಿನ ತಾಳ್ಮೆ

“ವೈಫೈ ಗುರುತಿನ ಮೇಲೆ ಕೆಂಪು ಗೆರೆ ಇದೆ. ಎಷ್ಟು ಒತ್ತಿದರೂ ನೆಟ್ ಬರ್ತಿಲ್ಲ. ಅಷ್ಟೇ ಮೇಡಂ.”

ಇಂಟರ್ನೆಟ್ ಸಹಾಯವಾಣಿಯ ಮೂರನೇ ಮೇಜಿನ ಹುಡುಗಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದಳು. ಮೇಲ್ವಿಚಾರಕರು ಬರುವಾಗಲೇ ಅವಳು ಮಾತಿನಲ್ಲಿ ಮುಳುಗಿದ್ದಳು. ಅವರು ಎದುರಿಗೆ ಕುರ್ಚಿ ಎಳೆದುಕೊಂಡು, ಅವಳ ಕಂಪ್ಯೂಟರಿನ ಬೆನ್ನು ನೋಡುತ್ತ ಕೂತರು. ಅವಳ ಆರು ತಿಂಗಳ ತಾತ್ಕಾಲಿಕ ಕೆಲಸ ಅಂದಿಗೆ ಮುಗಿಯುತ್ತಿತ್ತು. ಅವರ ಕೈಲಿದ್ದ ಕಾಗದಕ್ಕೆ ಸಹಿ ಬಿದ್ದರೆ ಕೆಲಸ ಕಾಯಂ, ಇಲ್ಲವಾದರೆ ಮನೆ ದಾರಿ.

ಗ್ರಾಹಕರು ಹೇಳಿದ್ದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕೆಂಬುದು ಅಲ್ಲಿಯ ನಿಯಮ. ಉಳಿದ ಮೇಜಿನವರು ಅದನ್ನು ಎಂದೋ ಗಾಳಿಗೆ ತೂರಿದ್ದರು. ಇವಳು ಒಂದಕ್ಷರ ಬಿಡುತ್ತಿರಲಿಲ್ಲ.

“ಆಫ್ ಮಾಡಿ ಹತ್ತು ಎಣಿಸೋದು. ಸರಿ ಮೇಡಂ.”

ಎಣಿಸಿದಳು. ಒಂಬತ್ತಕ್ಕೇ ನಿಲ್ಲಿಸಿದ್ದಕ್ಕೆ ಆ ಕಡೆಯಿಂದ ಬೈಗುಳ ಬಂತೋ ಏನೋ, ತಪ್ಪಾಯ್ತು ಎಂದು ಮತ್ತೆ ಒಂದರಿಂದ ಶುರು ಮಾಡಿದಳು.

ಮೇಲ್ವಿಚಾರಕರಿಗೆ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಗ್ರಾಹಕರ ಜೊತೆ ಕೂತು ಹತ್ತು ಎಣಿಸಿದವರನ್ನು ಅವರು ಕಂಡಿರಲಿಲ್ಲ. ಆಕಳಿಸದೆ ಮಾತಾಡುವವರು ಸಿಕ್ಕರೇ ಅವರಿಗೆ ದೊಡ್ಡದಾಗಿತ್ತು.

ಎಣಿಕೆಯಿಂದ ಏನೂ ಆಗಲಿಲ್ಲ. ಪಾಸ್‌ವರ್ಡ್ ಬದಲಿಸಿಲ್ಲವೆಂದು ಆಣೆ ಮಾಡಿ ಹೇಳಿದಳು. ಮೇಜಿನ ಕೆಳಗೆ ತೂರಿ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿ, ಮೇಜಿಗೆ ತಲೆ ಬಡಿಸಿಕೊಂಡು ಮೇಲೆದ್ದಳು. ಗ್ರಾಹಕರ ಕಷ್ಟವನ್ನು ಹೀಗೆ ಮೈಮೇಲೆ ಹಾಕಿಕೊಳ್ಳುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದುಕೊಂಡ ಮೇಲ್ವಿಚಾರಕರು ತಾವೇ ಎದ್ದು ಅವಳಿಗೆ ನೀರು ತಂದುಕೊಟ್ಟರು.

“ವಿಮಾನದ ಚಿತ್ರ ಇರೋ ಗುಂಡಿ. ಹಾಂ, ಅದರ ದೀಪ ಹತ್ತಿದೆ. ಅದನ್ನ ಒಂದು ಸಲ ಒತ್ತೋದು.”

ಅವಳು ಪರದೆಯತ್ತ ಬಾಗಿದಳು.

“ಬಂತು ಮೇಡಂ.”

ಕುರ್ಚಿಗೆ ಒರಗಿದಳು. ಹೋದ ಜೀವ ಬಂದಂತಾಗಿತ್ತು ಅವಳಿಗೆ.

ಮೇಲ್ವಿಚಾರಕರು ಪೆನ್ನಿನ ಮುಚ್ಚಳ ತೆಗೆದರು. ಕೆಲಸ ಕಲಿಯುವುದಿದ್ದರೆ ಇವಳನ್ನು ನೋಡಿ ಕಲಿಯಿರಿ ಎಂದು ಇಡೀ ಕೋಣೆಗೆ ಕೇಳುವಂತೆ ಹೊಗಳಿದರು. ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು ಮೂರನೇ ಮೇಜಿನ ಸುತ್ತ ನೆರೆದರು. ಸಹಿ ಹಾಕುವ ಮುಂಚೆ ಗ್ರಾಹಕರ ಬಾಯಿಂದಲೇ ಎರಡು ಮಾತು ಬರಲಿ ಎಂದು, ಅವಳು ಬೇಡ ಸರ್ ಬೇಡ ಸರ್ ಎನ್ನುತ್ತಿದ್ದಂತೆಯೇ, ಅವರು ಫೋನಿನ ಸ್ಪೀಕರ್ ಒತ್ತಿದರು.

“ನಿನ್ನ ಕಂಪ್ಯೂಟರ್ ಸರಿಹೋಯ್ತಲ್ಲ ಪುಟ್ಟಿ, ಇನ್ನಾದ್ರೂ ಈ ಮೇಡಂ ಮೇಡಂ ಅನ್ನೋದು ಬಿಟ್ಟು ಬಾಯ್ತುಂಬ ಅಜ್ಜಿ ಅನ್ನೇ.”